ಕಂಪ್ಯೂಟರಿನ ನೆಲ, ನಮ್ಮೂರಿನ ನೆಲ

ದೊಡ್ಡ ಮಳೆ ಬಂದ ಮರುದಿನ ನಮ್ಮ ಶಾಲೆಯ ಪ್ರಾರ್ಥನೆ ವರಾಂಡದಲ್ಲಿ ನಡೆಯುತ್ತದೆ. ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಧ್ವಜಸ್ತಂಭದ ಕಟ್ಟೆ ಮಾತ್ರ ನಡುಗಡ್ಡೆಯ ಹಾಗೆ ಕಾಣುತ್ತದೆ. ಒಂದನೇ ತರಗತಿಯ ಮಕ್ಕಳಿಗೆ ಅದೊಂದು ಹಬ್ಬ, ಕಾಗದದ ದೋಣಿ ಬಿಡುತ್ತಾರೆ. ಬಿಸಿಯೂಟ ಮಾಡುವ ಅಕ್ಕನಿಗೆ ಮಾತ್ರ ಹಬ್ಬವಲ್ಲ. ಅನ್ನದ ಪಾತ್ರೆ ಹೊತ್ತು ಆ ನೀರಿನಲ್ಲಿ ದಾಟಬೇಕಲ್ಲ!

ಮೊದಲು ಹೀಗಿರಲಿಲ್ಲ. ಶಾಲೆಯ ಮುಂದಿನ ರಸ್ತೆಯನ್ನು ಎತ್ತರಿಸಿ ಹೊಸದಾಗಿ ಮಾಡಿದ ಮೇಲೆ ಹೀಗಾಯಿತು. ಹಳೆಯ ರಸ್ತೆ ನಮ್ಮ ಗೇಟಿನ ಹತ್ತಿರ ಸ್ವಲ್ಪ ತಗ್ಗಾಗಿತ್ತು. ಅಂಗಳದ ನೀರು ಒಂದು ಸಣ್ಣ ಕೊರಕಲಿನಲ್ಲಿ ಹರಿದು ಬಂದು, ಆ ತಗ್ಗಿನಲ್ಲಿ ರಸ್ತೆ ದಾಟಿ, ಆಚೆಯ ಹೊಲಗಳ ಬದುವಿನ ಗುಂಟ ಹಳ್ಳ ಸೇರುತ್ತಿತ್ತು. ಹೊಸ ರಸ್ತೆ ಒಂದೂವರೆ ಅಡಿ ಎತ್ತರವಾಯಿತು. ಮೋರಿಯನ್ನೂ ಹಾಕಿದ್ದಾರೆ, ಇಲ್ಲ ಅನ್ನುವಂತಿಲ್ಲ. ಆದರೆ ಹಾಕಿದ್ದು ಅಲ್ಲಿಂದ ಅರವತ್ತು ಮೀಟರ್ ಆಚೆ. ಆ ಮೋರಿಯಲ್ಲಿ ಇವತ್ತಿಗೂ ನೀರು ಹರಿದಿದ್ದನ್ನು ನಾನು ನೋಡಿಲ್ಲ. ಮಧ್ಯಾಹ್ನ ಅದರಲ್ಲಿ ಕುರಿಮರಿಗಳು ಮಲಗಿರುತ್ತವೆ.

ಇದನ್ನು ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ. ಆ ಮೋರಿ ಅರವತ್ತು ಮೀಟರ್ ಆಚೆ ಹೇಗೆ ಹೋಯಿತು ಎಂಬುದು ನನಗೆ ಇತ್ತೀಚೆಗೆ ತಿಳಿಯಿತು. ತಿಳಿದ ಮೇಲೆ ಅದು ರಸ್ತೆಯವರಿಗೆ ಮಾತ್ರವಲ್ಲ, ನನ್ನಂಥ ಮೇಷ್ಟ್ರಿಗೂ ಒಂದು ಪಾಠ ಅನ್ನಿಸಿತು. ಅದಕ್ಕೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಟಿಸಿಎಚ್ ಮಾಡಿ, ನೌಕರಿ ಮಾಡುತ್ತಲೇ ಬಿಎ ಮುಗಿಸಿಕೊಂಡವನು. ಮನೆ ಮರಿಕಲ್‌ನಲ್ಲಿ, ಶಾಲೆ ಗಡಿಯ ಕಡೆ. ತಿಳಿದವರು ತಪ್ಪಿದ್ದರೆ ತಿದ್ದಿ.

ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನಮ್ಮ ಕನ್ನಡ ಮಾಧ್ಯಮದಲ್ಲೇ ಓದಿ, ಡಿಪ್ಲೊಮಾ ಸಿವಿಲ್ ಮಾಡಿ, ಈಗ ಹೈದರಾಬಾದಿನಲ್ಲಿ ರಸ್ತೆ-ಕಾಲುವೆಗಳ ಡಿಸೈನ್ ಮಾಡುವ ಕಚೇರಿಯೊಂದರಲ್ಲಿದ್ದಾನೆ. ನಾನು ಮೋರಿಯ ಕಥೆ ಹೇಳಿಕೊಂಡೆ. ಅವನು ನಕ್ಕ.

"ಸರ್, ಕಂಪ್ಯೂಟರ್‌ನಾಗ ಆ ಕೊರಕಲು ಇರಂಗಿಲ್ರೀ. ಅದ್ಕ ಮೋರಿ ಬ್ಯಾರೆ ಕಡಿ ಹೋಗ್ಯದ."

"ಏನೋ ಹಂಗಂದ್ರ? ಕೊರಕಲು ಕಣ್ಣಿಗೆ ಕಾಣ್ತದಲ್ಲ!"

"ನಿಮ್ಮ ಕಣ್ಣಿಗೆ ಕಾಣ್ತದ್ರೀ. ಕಂಪ್ಯೂಟರ್‌ಗ ಕಣ್ಣೆಲ್ಲದ? ನಾವು ಕೊಟ್ಟಿದ್ದಷ್ಟೇ ಅದಕ್ಕ."

ಹೀಗೆ ಹೇಳಿ ಲ್ಯಾಪ್‌ಟಾಪ್ ತೆಗೆದ. ಅವನು ತೋರಿಸಿದ್ದನ್ನು ನನಗೆ ತಿಳಿದಷ್ಟು ನನ್ನ ಮಾತಿನಲ್ಲಿ ಹೇಳುತ್ತೇನೆ.

ರಸ್ತೆಯೋ ಕಾಲುವೆಯೋ ಮಾಡುವ ಮೊದಲು ಸರ್ವೆಯವರು ಬರುತ್ತಾರೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಟೋಟಲ್ ಸ್ಟೇಷನ್ ಎಂಬ ಯಂತ್ರ ಇಟ್ಟು, ಕೋಲು ಹಿಡಿದವನನ್ನು ಅಲ್ಲಿ ಇಲ್ಲಿ ನಿಲ್ಲಿಸಿ ಅಳೆಯುತ್ತಾರೆ. ಈಗ ಜಿಪಿಎಸ್ ಕೋಲಿನಿಂದಲೂ ಅಳೆಯುತ್ತಾರೆ. ಅವನು ಕೋಲು ಊರಿದ ಒಂದೊಂದು ಜಾಗವೂ ಒಂದು ಚುಕ್ಕೆ. ಪ್ರತಿ ಚುಕ್ಕೆಗೆ ಒಂದು ಸಾಲು: ಚುಕ್ಕೆಯ ನಂಬರು, ಉತ್ತರಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು, ಎತ್ತರ ಎಷ್ಟು, ಕೊನೆಗೆ ಅದು ಏನು ಎಂದು ಒಂದು ಸಣ್ಣ ಗುರುತು. ರಸ್ತೆ ಅಂಚು, ಕಂಬ, ಬಾವಿ, ಮರ... ಹೀಗೆ. ಸಾವಿರಾರು ಸಾಲುಗಳ ಒಂದು ಪಟ್ಟಿ. ನಮ್ಮ ಹಾಜರಿ ಪುಸ್ತಕದ ಹಾಗೆಯೇ, ಆದರೆ ಇದು ನೆಲದ ಹಾಜರಿ.

ಈ ಪಟ್ಟಿಯನ್ನು ಸಿವಿಲ್ ಥ್ರೀಡಿಯಂಥ ಸಾಫ್ಟ್‌ವೇರಿಗೆ ಹಾಕಿದರೆ ಪರದೆಯ ತುಂಬ ಬರೀ ಚುಕ್ಕೆಗಳು. ಚುಕ್ಕೆ ನೆಲವಲ್ಲ. ನೆಲ ಮಾಡಬೇಕಾದರೆ ಚುಕ್ಕೆ ಚುಕ್ಕೆಯ ನಡುವೆ ಏನಿದೆ ಎಂದು ತುಂಬಬೇಕು. ಅದಕ್ಕೆ ಅದು ಮೂರು ಮೂರು ಚುಕ್ಕೆಗಳನ್ನು ಗೆರೆಯಿಂದ ಜೋಡಿಸಿ ತ್ರಿಕೋನ ಮಾಡುತ್ತದೆ. ತ್ರಿಕೋನವೇ ಯಾಕೆ ಎಂದರೆ, ಮೂರು ಬಿಂದುಗಳ ಮೇಲೆ ಒಂದೇ ಒಂದು ಸಮತಲ ಕೂರುತ್ತದೆ. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಅಲ್ಲಾಡುವುದಿಲ್ಲ, ನಾಲ್ಕು ಕಾಲಿನ ನನ್ನ ಕುರ್ಚಿ ಮಾತ್ರ ಇಪ್ಪತ್ತು ವರ್ಷದಿಂದ ಅಲ್ಲಾಡುತ್ತಿದೆ, ಅಷ್ಟೇ ಲೆಕ್ಕ. ಇದಕ್ಕೆ ಅವರು 'ಟಿನ್' ಅನ್ನುತ್ತಾರೆ. ನಾನು ಟಿನ್ ಶೀಟ್ ಅಂದುಕೊಂಡೆ! ಟ್ರಯಾಂಗುಲೇಟೆಡ್ ಇರ್ರೆಗ್ಯುಲರ್ ನೆಟ್‌ವರ್ಕ್ ಎಂಬುದರ ಮೊದಲ ಅಕ್ಷರಗಳಂತೆ. ಆದರೆ ನನ್ನ ತಪ್ಪು ತಿಳಿವಳಿಕೆಯೂ ಪೂರಾ ತಪ್ಪಲ್ಲ. ತ್ರಿಕೋನ ತಗಡುಗಳನ್ನು ಅಂಚಿಗೆ ಅಂಚು ಕೂಡಿಸಿ ಬೆಸೆದರೆ ಹೇಗೋ ಹಾಗೆಯೇ ಅದು ಕಾಣುತ್ತದೆ.

ಯಾವ ಮೂರು ಚುಕ್ಕೆಗಳನ್ನು ಜೋಡಿಸಬೇಕು? ಅದಕ್ಕೂ ನಿಯಮ ಇದೆ. ರಷ್ಯಾದ ಗಣಿತಜ್ಞ ಬೋರಿಸ್ ಡೆಲೊನೆ 1934ರಲ್ಲಿ ಹೇಳಿದ್ದು. ತ್ರಿಕೋನದ ಮೂರೂ ಮೂಲೆ ಮುಟ್ಟುವ ಹಾಗೆ ಒಂದು ವೃತ್ತ ಎಳೆದರೆ, ಅಂದರೆ ನಾವು ಹೈಸ್ಕೂಲಿನಲ್ಲಿ ಕೈವಾರದಿಂದ ಎಳೆಸುವ ಪರಿವೃತ್ತ, ಅದರ ಒಳಗೆ ಬೇರೆ ಯಾವ ಚುಕ್ಕೆಯೂ ಇರಬಾರದು. ಹೀಗೆ ಮಾಡಿದರೆ ಸೂಜಿಯಂಥ ಉದ್ದುದ್ದ ತ್ರಿಕೋನಗಳು ಆದಷ್ಟು ಕಡಿಮೆಯಾಗಿ, ಹತ್ತಿರದವು ಹತ್ತಿರದವರ ಜೊತೆ ಸೇರುತ್ತವೆ. "ಸರ್, ಈ ಪರಿವೃತ್ತ ಎಲ್ಲಿ ಉಪಯೋಗಕ್ಕೆ ಬರ್ತದ?" ಎಂದು ಕೇಳಿದ ಎಷ್ಟೋ ಮಕ್ಕಳಿಗೆ ನಾನು "ಪರೀಕ್ಷೆಯಲ್ಲಿ" ಎಂದು ಹೇಳಿ ಕೂರಿಸಿದ್ದೆ. ಈಗ ನಾಚಿಕೆಯಾಯಿತು.

ತ್ರಿಕೋನಗಳು ಸಿದ್ಧವಾದ ಮೇಲೆ ಉಳಿದದ್ದು ಸುಲಭ. ಸಮಾನ ಎತ್ತರದ ಗೆರೆಗಳನ್ನು ಅದೇ ಎಳೆಯುತ್ತದೆ. ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಬರುವ ಸಮೋನ್ನತಿ ರೇಖೆ, ಕಾಂಟೂರ್, ಅದೇ. ಎಷ್ಟು ಮಣ್ಣು ಕಡಿಯಬೇಕು, ಎಷ್ಟು ತುಂಬಬೇಕು ಎಂಬ ಲೆಕ್ಕವೂ ಬರುತ್ತದೆ. ಇನ್ನೊಂದು ಚಮತ್ಕಾರ ತೋರಿಸಿದ. ಪರದೆಯ ನೆಲದ ಮೇಲೆ ಎಲ್ಲಿಯಾದರೂ ಒತ್ತಿದರೆ ಅಲ್ಲಿ ಬಿದ್ದ ಒಂದು ಹನಿ ನೀರು ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆ ಎಂದು ಗೆರೆ ಬರೆಯುತ್ತದೆ. 'ವಾಟರ್ ಡ್ರಾಪ್' ಅಂತ ಅದರ ಹೆಸರು. ನಾನು ಮಗುವಿನ ಹಾಗೆ ಹತ್ತು ಸಲ ಒತ್ತಿದೆ.

ಈಗ ಮೋರಿಯ ವಿಷಯಕ್ಕೆ ಬರೋಣ.

ರಸ್ತೆಗುಂಟ ಇಪ್ಪತ್ತು ಇಪ್ಪತ್ತು ಮೀಟರಿಗೆ ಒಂದು ಚುಕ್ಕೆ ಹಿಡಿದಿದ್ದಾರೆ ಎಂದುಕೊಳ್ಳಿ. ಒಂದು ಚುಕ್ಕೆಯ ಎತ್ತರ 402 ಮೀಟರ್, ಮುಂದಿನದೂ 402 ಮೀಟರ್. ಎರಡರ ನಡುವೆ ಆರು ಮೀಟರ್ ಅಗಲದ, ಒಂದೂವರೆ ಮೀಟರ್ ಆಳದ ಒಂದು ಹಳ್ಳ ಇದೆ. ಹಳ್ಳದ ತಳದಲ್ಲಿ ಯಾರೂ ಕೋಲು ಊರಲಿಲ್ಲ. ಆಗ ಕಂಪ್ಯೂಟರ್ ಏನು ಮಾಡುತ್ತದೆ? 402ರಿಂದ 402ಕ್ಕೆ ನೇರ ಗೆರೆ! ಹಳ್ಳ ಮಾಯ. ತೊಟ್ಟಿಲಿನ ಹಾಗಿದ್ದ ನೆಲ ಚಾಪೆಯಾಯಿತು. ಇದು ಸುಳ್ಳು ಹೇಳಿದ್ದಲ್ಲ, ನೆನಪಿಡಿ. ನಾವು ಹೇಳದೇ ಬಿಟ್ಟದ್ದನ್ನು ಅದು ತನಗೆ ತೋಚಿದ ಹಾಗೆ ತುಂಬಿಕೊಂಡಿತು.

ಇದರ ಬೆಲೆ ಎಷ್ಟು? ಏಳನೇ ತರಗತಿಯ ಲೆಕ್ಕ ಸಾಕು. ಹಳ್ಳದ ಅಡ್ಡಕೊಯ್ತ ಒಂದು ತ್ರಿಕೋನ. ಪಾದ 6, ಎತ್ತರ 1.5, ವಿಸ್ತೀರ್ಣ 4.5 ಚದರ ಮೀಟರ್. ನೂರು ಮೀಟರ್ ಉದ್ದಕ್ಕೆ 450 ಘನ ಮೀಟರ್. ಟ್ರ್ಯಾಕ್ಟರ್ ಟ್ರಾಲಿಗೆ ಮೂರು ಘನ ಮೀಟರ್ ಹಿಡಿದರೆ 150 ಟ್ರಿಪ್ ಮಣ್ಣು. ಕಾಗದದ ಮೇಲೆ ಇಲ್ಲದ ಹಳ್ಳ ನೆಲದ ಮೇಲೆ ಅಷ್ಟು ನುಂಗುತ್ತದೆ. ಮಣ್ಣಿನ ಮಾತು ಬಿಡಿ, ನೀರು ಎಲ್ಲಿಗೆ ಹೋಗಬೇಕು?

ಇದಕ್ಕೆ ಪರಿಹಾರವೂ ಅದೇ ಸಾಫ್ಟ್‌ವೇರಿನಲ್ಲಿದೆ. ಅದರ ಹೆಸರು 'ಬ್ರೇಕ್‌ಲೈನ್'. ಅಂದರೆ ನೆಲ ಎಲ್ಲಿ ಮುರಿಯುತ್ತದೋ ಆ ಗೆರೆ. ಹಳ್ಳದ ತಳದ ಗೆರೆ, ಎರಡೂ ದಡದ ಗೆರೆ, ಒಡ್ಡಿನ ತಲೆ, ಒಡ್ಡಿನ ಬುಡ, ಕೆರೆ ಏರಿ, ಗೋಡೆ. ಈ ಗೆರೆಗಳ ಮೇಲೆ ಚುಕ್ಕೆ ಹಿಡಿದು, ಇವನ್ನು ಒಂದಕ್ಕೊಂದು ಜೋಡಿಸಿ "ಯಾವ ತ್ರಿಕೋನವೂ ಈ ಗೆರೆಯನ್ನು ದಾಟಬಾರದು" ಎಂದು ಕಂಪ್ಯೂಟರಿಗೆ ಆಜ್ಞೆ ಮಾಡಬೇಕು. ನನ್ನ ಶಿಷ್ಯ ಒಂದು ಹಳೆಯ ಕೆಲಸದ ನೆಲವನ್ನು ತೆರೆದು ತೋರಿಸಿದ. ಮೊದಲು ಬರೀ ಚುಕ್ಕೆಗಳಿಂದ ಮಾಡಿದ ನೆಲ. ಹಳ್ಳದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿ, ನಡುನಡುವೆ ದಿಬ್ಬ. ನೀರಿನ ಹನಿ ಒತ್ತಿದರೆ ಮೊದಲ ಗುಂಡಿಯಲ್ಲೇ ನಿಂತಿತು. ಆಮೇಲೆ ತಳದ ಚುಕ್ಕೆಗಳನ್ನು ಒಂದು ಗೆರೆಯಿಂದ ಜೋಡಿಸಿದ. ತ್ರಿಕೋನಗಳೆಲ್ಲ ಪಟಪಟನೆ ತಿರುಗಿ ಕೂತವು. ಗುಂಡಿಗಳು ಹೋಗಿ ಹಳ್ಳವಾಯಿತು. ಹನಿ ಹರಿದು ಹೋಯಿತು! ಚುಕ್ಕೆಗಳು ಅವೇ, ಒಂದೂ ಹೆಚ್ಚಿಲ್ಲ. "ಇದು ಹಳ್ಳ" ಎಂದು ಹೇಳಿದವನೊಬ್ಬ ಬೇಕಾಗಿತ್ತು, ಅಷ್ಟೇ.

ಇನ್ನೂ ಕೆಲವು ತಪ್ಪುಗಳನ್ನು ಹೇಳಿದ. ಎತ್ತರ ಬರೆಯುವುದು ಮರೆತ ಚುಕ್ಕೆ ಸೊನ್ನೆಯಾಗಿ ಒಳಗೆ ಹೋದರೆ ಹೊಲದ ನಡುವೆ ಸಮುದ್ರಮಟ್ಟದವರೆಗೆ ಒಂದು ಪಾತಾಳ ಬಾವಿ ಬೀಳುತ್ತದೆ. ಉತ್ತರ ಮತ್ತು ಪೂರ್ವದ ಅಂಕಿ ಅದಲುಬದಲಾದರೆ ಊರು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಅಳೆಯದ ಅಂಚುಗಳಲ್ಲಿ ದೂರದ ಚುಕ್ಕೆ-ಚುಕ್ಕೆ ಸೇರಿ ಭಾರೀ ತ್ರಿಕೋನಗಳಾಗಿ, ಇಲ್ಲದ ನೆಲ ಹುಟ್ಟುತ್ತದೆ. ಇವೆಲ್ಲ ಕಣ್ಣಿಗೆ ಹೊಡೆಯುವ ತಪ್ಪುಗಳು, ಆಫೀಸಿನಲ್ಲಿ ಕೂತವರು ಹಿಡಿದು ತಿದ್ದುತ್ತಾರೆ. ಆದರೆ ಕಾಣೆಯಾದ ಹಳ್ಳ? ಅದನ್ನು ಆಫೀಸಿನಲ್ಲಿ ಕೂತವರು ಹಿಡಿಯುವುದು ಕಷ್ಟ. ಪರದೆಯ ಮೇಲೆ ನೆಲ ನುಣ್ಣಗೆ, ಚೆಂದಾಗಿ ಕಾಣುತ್ತಿರುತ್ತದೆ.

ಈ ಮಾತು ಕೇಳಿದಾಗ ನನಗೆ ಒಬ್ಬ ಅಜ್ಜ ನೆನಪಾದರು. ಶಾಲೆಯ ಎದುರಿನ ಹೊಲದವರು. ಸರ್ವೆಯವರು ಬಂದ ದಿನ ಅವರು ಕೋಲು ಹಿಡಿದ ಹುಡುಗನ ಹತ್ತಿರ ಹೋಗಿ "ಇಲ್ಲಿ ನೀರು ದಾಟ್ತದಪ್ಪ, ಮೋರಿ ಇಲ್ಲೇ ಇಡ್ರಿ" ಎಂದಿದ್ದನ್ನು ನಾನೇ ಕೇಳಿದ್ದೇನೆ. ಕನ್ನಡದಲ್ಲಿ ಹೇಳಿ, ತಿಳಿಯಲಿಕ್ಕಿಲ್ಲ ಎಂದು ತೆಲುಗಿನಲ್ಲೂ ಹೇಳಿದರು. ಹುಡುಗ ತಲೆಯಾಡಿಸಿದ. ಪಾಪ, ಅವನು ಏನು ಮಾಡಿಯಾನು? ಅವನ ಯಂತ್ರದ ಗುರುತುಗಳ ಪಟ್ಟಿಯಲ್ಲಿ ಕಂಬ ಇದೆ, ಮರ ಇದೆ, ಬಾವಿ ಇದೆ. "ಅಜ್ಜ ಹೇಳಿದ್ದು" ಎಂಬುದಕ್ಕೆ ಗುರುತು ಇಲ್ಲ. ಕಳೆದುಹೋದದ್ದು ಮೋರಿಯಲ್ಲ, ಆ ಒಂದು ಮಾತು.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಯಾವುದೇ ರಸ್ತೆಯ, ಕಾಲುವೆಯ ಕೆಲಸಕ್ಕೆ ಕಂಪ್ಯೂಟರಿನಲ್ಲಿ ನೆಲ ಸಿದ್ಧವಾದ ಮೇಲೆ, ಅದರ ಮೇಲೆ ಡಿಸೈನ್ ಶುರುವಾಗುವ ಮೊದಲು, ಆ ನೆಲವನ್ನು ಒಂದು ದಿನ ಆ ಊರಿನವರಿಗೆ ತೋರಿಸಬೇಕು. ಗ್ರಾಮಸಭೆಯಲ್ಲೇ ತೋರಿಸಲಿ, ಶಾಲೆಯ ಗೋಡೆಗೆ ಅಂಟಿಸಿಯೇ ತೋರಿಸಲಿ. ಮೂರೇ ಪ್ರಶ್ನೆ ಕೇಳಿದರೆ ಸಾಕು. ನೀರು ಎಲ್ಲಿಂದ ಬರುತ್ತದೆ? ಎಲ್ಲಿ ದಾಟುತ್ತದೆ? ನೀವು ಕಂಡ ದೊಡ್ಡ ಮಳೆಯಲ್ಲಿ ಎಲ್ಲಿ ನಿಂತಿತ್ತು?

"ಹಳ್ಳಿಯವರನ್ನು ಕೇಳುತ್ತಾ ಕೂತರೆ ಕೆಲಸ ಮುಗಿದ ಹಾಗೆಯೇ" ಎಂದು ಹೇಳುವವರಿದ್ದಾರೆ. ಒಬ್ಬೊಬ್ಬನೂ ತನ್ನ ಹೊಲ ಉಳಿಸಿಕೊಳ್ಳಲು ಮಾತಾಡುತ್ತಾನೆ ಎಂಬ ಆತಂಕವೂ ಸುಳ್ಳಲ್ಲ. ಆದರೆ ನಾನು ಡಿಸೈನ್ ಮಾಡಿ ಎಂದು ಊರವರನ್ನು ಕೇಳಿ ಅನ್ನುತ್ತಿಲ್ಲ. ಹಳ್ಳ ಎಲ್ಲಿದೆ ಎಂದು ಕೇಳಿ ಅನ್ನುತ್ತಿದ್ದೇನೆ. ಹಳ್ಳದ ವಿಷಯದಲ್ಲಿ ಒಬ್ಬ ಸುಳ್ಳು ಹೇಳಿದರೆ ಪಕ್ಕದವನೇ ಎದ್ದು ಹೇಳುತ್ತಾನೆ. ಹೇಳಿದ್ದು ನಿಜವೋ ಅಲ್ಲವೋ ಎಂದು ಮರುದಿನ ಕೋಲು ಊರಿ ನೋಡಲೂಬಹುದು.

"ಈಗ ಡ್ರೋನ್ ಬಂದಿದೆ ಸರ್, ಲಕ್ಷಗಟ್ಟಲೆ ಚುಕ್ಕೆ ಸಿಗುತ್ತವೆ, ಯಾರನ್ನೂ ಕೇಳಬೇಕಾಗಿಲ್ಲ" ಎಂದು ಇನ್ನು ಕೆಲವರು. ಇದನ್ನೂ ಶಿಷ್ಯನನ್ನು ಕೇಳಿದೆ. ಡ್ರೋನ್ ಫೋಟೋಗೆ ಕಾಣುವುದು ಮೇಲಿನದು. ತೊಗರಿ ಎದೆಯೆತ್ತರ ನಿಂತಿದ್ದರೆ ತೊಗರಿಯ ತುದಿಯೇ ನೆಲ! ಲೇಸರ್ ಬಿಡುವ ಲೈಡಾರ್ ಎಲೆಗಳ ಸಂದಿಯಲ್ಲಿ ಇಳಿದು ನೆಲ ಮುಟ್ಟಬಲ್ಲದು, ಆದರೆ ಅದರ ಚುಕ್ಕೆಗಳಲ್ಲಿ ನೆಲ ಯಾವುದು, ಗಿಡ ಯಾವುದು ಎಂದು ಸೋಸಬೇಕು. ಅದಕ್ಕಿಂತ ಮುಖ್ಯವಾದದ್ದು, ರಸ್ತೆಯ ಕೆಳಗಿನ ಮೋರಿ ಆಕಾಶದಿಂದ ಕಾಣುವುದೇ ಇಲ್ಲ. ಮೇಲಿನಿಂದ ನೋಡಿದರೆ ರಸ್ತೆ ಒಂದು ಅಣೆಕಟ್ಟು. ಇಲ್ಲಿ ಮೋರಿ ಇದೆ, ನೀರು ಹೋಗುತ್ತದೆ ಎಂದು ಮನುಷ್ಯನೇ ಕೂತು ಆ ಒಡ್ಡನ್ನು ಪರದೆಯ ಮೇಲೆ ಒಡೆಯಬೇಕು. ಇನ್ನು ಉಪಗ್ರಹದ ನೆಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಹಾರಿ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ನಮ್ಮ ಇಸ್ರೋದ ಕಾರ್ಟೋಸ್ಯಾಟ್-1, 2005ರಲ್ಲಿ ಹಾರಿದ್ದು, ಅದರ ಚಿತ್ರಗಳಿಂದಲೂ ಇಂಥದೇ ನೆಲ ಮಾಡಿದ್ದಾರೆ. ಯಾರು ಬೇಕಾದರೂ ನೋಡಬಹುದು, ಬಹಳ ಉಪಯೋಗದ್ದು. ಆದರೆ ಅವುಗಳಲ್ಲಿ ಸುಮಾರು 30 ಮೀಟರಿಗೆ ಒಂದು ಚೌಕ. ಒಂದು ಎಕರೆಗೆ ನಾಲ್ಕೂವರೆ ಚೌಕ ಬರುತ್ತವೆ. ನಮ್ಮ ಶಾಲೆಯ ಕೊರಕಲು ಅಂಥ ಚೌಕದಲ್ಲಿ ಎಲ್ಲಿ ಕಂಡೀತು?

ಚುಕ್ಕೆ ಹೆಚ್ಚಾದರೆ ಒಳ್ಳೆಯದೇ. ಆದರೆ ಯಾವ ಚುಕ್ಕೆ ಮುಖ್ಯ ಎಂದು ತಿಳಿದಿರುವುದು ಬೇರೆ ವಿದ್ಯೆ.

ನಮ್ಮ ಭಾಗಕ್ಕೆ ಈ ಮಾತು ಈಗ ಯಾಕೆ ಬೇಕು? ನಾರಾಯಣಪೇಟೆ-ಕೊಡಂಗಲ್ ಏತ ನೀರಾವರಿ ಯೋಜನೆಗೆ 2024ರ ಫೆಬ್ರವರಿ 21ರಂದು ಕೋಸ್ಗಿಯಲ್ಲಿ ಶಂಕುಸ್ಥಾಪನೆ ಆಯಿತು. ಸುಮಾರು 2,945 ಕೋಟಿ ರೂಪಾಯಿಯ ಕೆಲಸ, ಒಂದು ಲಕ್ಷ ಎಕರೆಯ ಗುರಿ. ಕೃಷ್ಣೆಯ ನೀರು ಕೆಳಗಿದೆ, ಒಣಗಿದ ಹೊಲ ಮೇಲಿದೆ. ಜುರಾಲಾ ಜಲಾಶಯ ಪೂರ್ತಿ ತುಂಬಿದಾಗ ಅದರ ಮಟ್ಟ ಸಮುದ್ರಮಟ್ಟದಿಂದ 318.516 ಮೀಟರ್. ಈ ಅಂಕಿಯನ್ನು ನೋಡಿ, ಮಿಲಿಮೀಟರಿನವರೆಗೆ ಬರೆದಿದ್ದಾರೆ. ನೀರಾವರಿಯಲ್ಲಿ ಎತ್ತರವೇ ಎಲ್ಲ. ಕಾಲುವೆಯ ಇಳಿಜಾರು 5000ಕ್ಕೆ 1 ಎಂದಿಟ್ಟುಕೊಳ್ಳಿ. ಒಂದು ಕಿಲೋಮೀಟರಿಗೆ ಇಳಿಯುವುದು 20 ಸೆಂಟಿಮೀಟರ್, ನಮ್ಮ ಒಂದು ಗೇಣು! ನೆಲದ ಎತ್ತರದಲ್ಲಿ ಒಂದು ಗೇಣು ತಪ್ಪಾದರೆ ಒಂದು ಕಿಲೋಮೀಟರಿನ ಇಳಿಜಾರೇ ಹೋಯಿತು. ಕಾಲುವೆಯ ಕೊನೆಯ ರೈತನಿಗೆ ನೀರು ಯಾಕೆ ಬರಲಿಲ್ಲ ಎಂದು ಆಮೇಲೆ ಜಗಳ. ಮೇಲಿನ ರೈತ ಕದ್ದ ಎಂದು ಒಬ್ಬ, ಅಧಿಕಾರಿ ಬಿಡಲಿಲ್ಲ ಎಂದು ಇನ್ನೊಬ್ಬ. ತಪ್ಪು ಕೆಲವು ಸಲ ಮೊದಲ ದಿನದ ಚುಕ್ಕೆಯಲ್ಲೇ ಇರುತ್ತದೆ.

ನಮ್ಮ ನೆಲಕ್ಕೆ ತ್ರಿಕೋನ ಹೊಸದಲ್ಲ, ಗೆಳೆಯರೇ. 1802ರಲ್ಲಿ ಮದ್ರಾಸಿನಲ್ಲಿ ವಿಲಿಯಂ ಲ್ಯಾಂಬ್ಟನ್ ಶುರು ಮಾಡಿದ ತ್ರಿಕೋನಮಿತಿ ಸರ್ವೆ ಬೆಂಗಳೂರು, ಗುತ್ತಿ ದಾಟಿ ಬೀದರ್ ಕಡೆಗೆ ಉತ್ತರಕ್ಕೆ ನಡೆದದ್ದು ನಮ್ಮ ಈ ಸೀಮೆಯ ಮೇಲೆಯೇ. ಆ ಸರ್ವೆಯ ಠಾಣೆಗಳ ಪಟ್ಟಿಯಲ್ಲಿ ನಮ್ಮ ನೆರೆಯ ಕೊಡಂಗಲ್ ಹೆಸರೂ ಇದೆ. ಆಮೇಲೆ 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಎಳೆದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳೂ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ತಾಲೂಕೂ ಆಂಧ್ರಕ್ಕೆ, ಮಹಬೂಬನಗರ ಜಿಲ್ಲೆಗೆ ಸೇರಿದವು. ಗಡಿ ನಕ್ಷೆಯ ಮೇಲಿನ ಗೆರೆ. ನೆಲದ ಇಳಿಜಾರಿಗೆ ಅದು ಗೊತ್ತಿಲ್ಲ. ಭೀಮೆ ಆ ಕಡೆಯಿಂದ ಬಂದು ಕೃಷ್ಣೆಯನ್ನು ಕೂಡುವಾಗ ಪರವಾನಗಿ ಕೇಳಲಿಲ್ಲ. ನಮ್ಮ ಮನೆಗಳ ಮಾತೂ ಹಾಗೆಯೇ ಉಳಿಯಿತು. ಅದಕ್ಕೇ ತಾನೆ ನಮ್ಮ ಶಾಲೆಗಳು ಇವತ್ತಿಗೂ ಇರುವುದು?

ಇಷ್ಟು ಹೊತ್ತು ಇಂಜಿನಿಯರುಗಳಿಗೆ ಹೇಳಿದ್ದಾಯಿತು. ಈಗ ನಮ್ಮ ಸರದಿ.

ನಾನು ಇಪ್ಪತ್ತು ವರ್ಷದಿಂದ ಸಮೋನ್ನತಿ ರೇಖೆ ಪಾಠ ಮಾಡುತ್ತಿದ್ದೇನೆ. ಹೇಗೆ? ಕರಿಹಲಗೆಯ ಮೇಲೆ ಒಂದರೊಳಗೊಂದು ನಾಲ್ಕು ಉಂಗುರ ಬರೆದು "ಇದು ಬೆಟ್ಟ" ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ವ್ಯಾಖ್ಯೆ ಬಾಯಿಪಾಠ, ಎರಡು ಅಂಕ. ಕಿಟಕಿಯ ಹೊರಗೆ ನಮ್ಮದೇ ಅಂಗಳದಲ್ಲಿ ನೀರು ನಿಂತಿದೆ, ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನನಗೇ ಹೊಳೆದಿರಲಿಲ್ಲ. ಈ ರೇಖೆಯಿಂದ ಬೆಟ್ಟದ ಲೆಕ್ಕ ಹಾಕಿದ ಚಾರ್ಲ್ಸ್ ಹಟನ್ ಹೀಗೆ ಬಾಯಿಪಾಠ ಮಾಡಿದವನಲ್ಲ. 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟವನ್ನು ಅಳೆಯತೊಡಗಿದರು. ಆ ಅಳತೆಯ ರಾಶಿ ರಾಶಿ ಅಂಕಿಗಳಿಂದ ಬೆಟ್ಟದ ಗಾತ್ರ ಲೆಕ್ಕ ಹಾಕಬೇಕಾಗಿ ಬಂದಾಗ, ಒಂದೇ ಎತ್ತರದ ಅಂಕಿಗಳನ್ನು ಗೆರೆಯಿಂದ ಜೋಡಿಸಿ ನೋಡಿದ. ಬೆಟ್ಟದ ಆಕಾರ ಎದ್ದು ಬಂತು. ಕೆಲಸ ಬಿದ್ದಾಗ ಹುಟ್ಟಿದ ಪಾಠ ಅದು.

ಹಾಗಾಗಿ ರಜೆ ಮುಗಿದ ಮೇಲೆ ನಾವೂ ಒಂದು ಕೆಲಸ ಹಿಡಿದೆವು. ಅಂಗಳ 30 ಮೀಟರ್ ಉದ್ದ, 20 ಮೀಟರ್ ಅಗಲ. ಹಗ್ಗ ಹಿಡಿದು ಐದೈದು ಮೀಟರಿಗೆ ಸುಣ್ಣದ ಚುಕ್ಕೆ ಹಾಕಿಸಿದೆ. ಏಳು ಐದಲೇ ಮೂವತ್ತೈದು ಚುಕ್ಕೆ. ಎತ್ತರ ಅಳೆಯಲು ಗೌಂಡಿಯವರ ನೀರಿನ ಪೈಪು ತಂದೆವು. ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ಲ, ಅದೇ. ಒಂದು ತುದಿ ಧ್ವಜಸ್ತಂಭದ ಹತ್ತಿರ, ಇನ್ನೊಂದು ಚುಕ್ಕೆಯ ಮೇಲೆ, ಪಕ್ಕದಲ್ಲಿ ಸ್ಕೇಲು. ಏಳನೇ ತರಗತಿಯ ಹುಡುಗಿಯರು ಎರಡು ದಿನದಲ್ಲಿ ಮುಗಿಸಿದರು. ಧ್ವಜಸ್ತಂಭಕ್ಕೂ ಗೇಟಿಗೂ 42 ಸೆಂಟಿಮೀಟರ್ ಇಳಿಜಾರು ಬಂತು. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಚುಕ್ಕೆ ಇಟ್ಟು, ತ್ರಿಕೋನ ಎಳೆದು, ಹತ್ತು ಹತ್ತು ಸೆಂಟಿಮೀಟರಿಗೆ ಗೆರೆ ಎಳೆದೆವು. ಎಷ್ಟು ಚೆಂದ ಬಂತೆಂದರೆ ನಾನು ಗೋಡೆಗೆ ಹಚ್ಚಿಬಿಟ್ಟೆ.

ಆಗ ಹಿಂದಿನ ಸಾಲಿನ ಹುಡುಗನೊಬ್ಬ, ಎಂದೂ ಬಾಯಿ ಬಿಡದವನು, ಎದ್ದು ನಿಂತ.

"ಸರ್, ಇದ್ರಾಗ ಕೊರಕಲು ಎಲ್ಲಿ ಅದ್ರೀ?"

ಎಲ್ಲಿದೆ? ಅಡುಗೆ ಕೋಣೆಯ ಹಿಂದಿನಿಂದ ಗೇಟಿನವರೆಗೆ ಹೋಗುವ ಎರಡಡಿ ಅಗಲದ ಕೊರಕಲು ನಮ್ಮ ನಕ್ಷೆಯಲ್ಲಿ ಇರಲೇ ಇಲ್ಲ! ಐದು ಮೀಟರಿನ ಎರಡು ಚುಕ್ಕೆಗಳ ನಡುವೆ ಅದು ಜಾರಿಹೋಗಿತ್ತು. ದಿನಾ ದಾಟುವ ಕೊರಕಲನ್ನು, ಅದೇ ಕೊರಕಲಿನ ಸಲುವಾಗಿ ಅಳೆಯಲು ಹೊರಟ ನಾನೇ ಬಿಟ್ಟಿದ್ದೆ. ರಸ್ತೆಯವರನ್ನು ಬೈಯುವ ಹಕ್ಕು ನನಗೆ ಅಲ್ಲಿಗೆ ಹೋಯಿತು. ಮತ್ತೆ ಪೈಪು ತಂದು ಕೊರಕಲಿನ ತಳಕ್ಕೆ ಎಂಟು, ದಡಗಳಿಗೆ ಹದಿನಾರು ಚುಕ್ಕೆ ಹಿಡಿದೆವು. ಗೆರೆ ಎಳೆದು, ಆ ಗೆರೆ ದಾಟುವ ತ್ರಿಕೋನಗಳನ್ನು ಅಳಿಸಿ ಹೊಸದಾಗಿ ಜೋಡಿಸಿದೆವು. ಸಮೋನ್ನತಿ ರೇಖೆಗಳು ಕೊರಕಲಿನ ಹತ್ತಿರ ಬಂದು ಮೇಲ್ಮುಖವಾಗಿ ಚೂಪಾಗಿ ಬಾಗಿದವು. ಪುಸ್ತಕದಲ್ಲಿ "ಕಣಿವೆ" ಎಂಬ ಚಿತ್ರದಲ್ಲಿ ಇರುವುದು ಇದೇ ಬಾಗು. ಆ ಹುಡುಗನಿಗೆ ನಾನು ಅದನ್ನು ಹೇಳಿಕೊಡಬೇಕಾಗಲಿಲ್ಲ.

ಹಳ್ಳ, ಕೊರಕಲು, ತಗ್ಗು, ದಿಬ್ಬ, ದಿನ್ನೆ, ಒಡ್ಡು, ಬದು, ಏರಿ, ಇಳುಕಲು... ನಮ್ಮ ಮಕ್ಕಳ ಬಾಯಲ್ಲಿ ಈ ಶಬ್ದಗಳಿವೆ. ಸಾಫ್ಟ್‌ವೇರಿನವರು ಬ್ರೇಕ್‌ಲೈನ್ ಎಂದು ಒಂದೇ ಮಾತಿನಲ್ಲಿ ಹೇಳುವುದಕ್ಕೆ ನಮ್ಮಲ್ಲಿ ಇಷ್ಟು ಹೆಸರು. ಕಮಾಂಡುಗಳು ಇಂಗ್ಲಿಷಿನಲ್ಲೇ ಇರಲಿ, ಅವನ್ನು ಕಲಿಯಲು ಆರು ತಿಂಗಳು ಸಾಕು ಎಂದು ನನ್ನ ಶಿಷ್ಯನೇ ಹೇಳಿದ. ಇಲ್ಲಿ ಬದುಕಲು ತೆಲುಗೂ ಬೇಕು, ಅದನ್ನೂ ಚೆನ್ನಾಗಿ ಕಲಿಸೋಣ. ಆದರೆ ನೆಲವನ್ನು ನೋಡಿ "ಇದು ಮುರಿಯುವ ಜಾಗ" ಎಂದು ಗುರುತಿಸುವ ಕಣ್ಣು ಮಗುವಿಗೆ ಮನೆಮಾತಿನಲ್ಲೇ ಬಂದಿರುತ್ತದೆ. ನಾವು ಶಾಲೆಯಲ್ಲಿ ಅದನ್ನು ಕೇಳುವುದೇ ಇಲ್ಲ, ಅಷ್ಟೇ.

"ಕನ್ನಡ ಮಾಧ್ಯಮದಲ್ಲಿ ಓದಿ ನಮ್ಮ ಹುಡುಗ ಏನಾಗ್ತಾನ್ರೀ ಮಾಸ್ತರ?" ಎಂದು ತಂದೆತಾಯಿಗಳು ಜೂನ್ ತಿಂಗಳಲ್ಲಿ ಕೇಳುತ್ತಾರೆ. ಕೇಳಿ ಟಿಸಿ ತೆಗೆದುಕೊಂಡು ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಉತ್ತರ ಕೊಡಬೇಕು. ತೆಲಂಗಾಣದಲ್ಲಿ 2025ರ ಏಪ್ರಿಲ್‌ನಲ್ಲಿ ಭೂಭಾರತಿ ಕಾಯ್ದೆ ಜಾರಿಗೆ ಬಂತು. ಅದರ ಕೆಲಸಕ್ಕಾಗಿ ಅದೇ ವರ್ಷ ಲೈಸೆನ್ಸ್ ಸರ್ವೇಯರುಗಳ ತರಬೇತಿಯೂ ನಡೆಯಿತು. ಜಮೀನು ಅಳೆಯುವವರು ಮುಂದೆಯೂ ಬೇಕು. ಕಾಲುವೆಗೆ ಬೇಕು, ರಸ್ತೆಗೆ ಬೇಕು. ಸಿವಿಲ್ ಥ್ರೀಡಿಯನ್ನು ವಿದ್ಯಾರ್ಥಿಗಳಿಗೆ ಕಂಪನಿಯವರು ಉಚಿತವಾಗಿ ಕೊಡುತ್ತಾರೆ. ಕ್ಯೂಜಿಐಎಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಎಲ್ಲರಿಗೂ ಉಚಿತ, ಅದರಲ್ಲೂ ಚುಕ್ಕೆಗಳಿಂದ ನೆಲ ಮಾಡಬಹುದು. ನಮ್ಮ ಹುಡುಗ, ನಮ್ಮ ಹುಡುಗಿ ಆ ಕೋಲು ಹಿಡಿದು ಹೊಲಕ್ಕೆ ಇಳಿದರೆ ಅಜ್ಜ ಹೇಳಿದ ಮಾತು ಕಳೆದುಹೋಗುವುದಿಲ್ಲ. ಇದು ನಾನು ಆ ತಂದೆತಾಯಿಗಳಿಗೆ ಕೊಡುವ ಉತ್ತರ. ಪೂರ್ತಿ ಉತ್ತರವಲ್ಲ, ಗೊತ್ತು. ಆದರೆ ಸುಳ್ಳು ಉತ್ತರವಲ್ಲ.

ಕೊನೆಗೆ ಅಂಗಳದ ಕಥೆ. ಮಕ್ಕಳ ನಕ್ಷೆಯ ಪ್ರತಿ ಮಾಡಿಸಿ, ಮನವಿಯ ಜೊತೆ ಹಚ್ಚಿ ಕೊಟ್ಟಿದ್ದೇವೆ. ಹಿಂದೆಯೂ ಎರಡು ಸಲ ಮನವಿ ಕೊಟ್ಟಿದ್ದೆವು, ಆಗ ಬರೀ "ನೀರು ನಿಲ್ಲುತ್ತದೆ, ತೊಂದರೆಯಾಗಿದೆ" ಎಂದಿತ್ತು. ಈ ಸಲ ನಕ್ಷೆ ನೋಡಿದ ಅಧಿಕಾರಿಗಳು "ಯಾರು ಮಾಡಿದ್ದು?" ಎಂದು ಕೇಳಿದರು, ಒಂದು ಪ್ರತಿ ಇಟ್ಟುಕೊಂಡರು. ಮೋರಿ ಇನ್ನೂ ಬಂದಿಲ್ಲ. ಬರುವ ಮಳೆಗಾಲದಲ್ಲಿ ಪ್ರಾರ್ಥನೆ ಅಂಗಳದಲ್ಲೋ ವರಾಂಡದಲ್ಲೋ ನೋಡಬೇಕು.

ಶಿಕ್ಷಕ ಬಂಧುಗಳೇ, ಕೃಷ್ಣಾ, ಮಾಗನೂರು, ಮಖ್ತಲ್, ನಾರಾಯಣಪೇಟೆ, ಗದ್ವಾಲ, ಎಲ್ಲ ಕಡೆ ಇರುವವರಲ್ಲಿ ನನ್ನದೊಂದು ವಿನಂತಿ. ಈ ವರ್ಷ ಸಮೋನ್ನತಿ ರೇಖೆಯ ಪಾಠ ಬಂದಾಗ ಉಂಗುರ ಬರೆಯುವ ಮೊದಲು ಒಂದು ನೀರಿನ ಪೈಪು ತನ್ನಿ. ಖರ್ಚು ಏನೂ ಇಲ್ಲ, ಗೌಂಡಿಯ ಮನೆಯ ಮಗು ನಿಮ್ಮ ತರಗತಿಯಲ್ಲೇ ಇರಬಹುದು. ಅಳೆಯುವ ಮೊದಲು ಮಕ್ಕಳನ್ನು ಕೇಳಿ, ನೀರು ಎಲ್ಲಿ ಹರಿಯುತ್ತದೆ ಎಂದು. ನನ್ನ ಹಾಗೆ ಚುಕ್ಕೆ ಹಾಕಿದ ಮೇಲೆ ಕೇಳಬೇಡಿ.

ನಿಮ್ಮ ಊರಿನಲ್ಲೂ ಇಂಥ ನೀರು ಹರಿಯದ ಮೋರಿ ಇದೆಯೇ? ಇದ್ದರೆ ಬರೆಯಿರಿ.